ಏಳನೇ ಬೋಲ್ಟು ಹೊತ್ತ ಭಾರ

ಜುಲೈ 8, ಸೋಮವಾರ

ಅಂತೂ ಬಿಲ್ಲೆಗಳು ಬಂದವು. ಎಂಟು ಕೇಳಿದ್ದೆ, ನಾಲ್ಕು ಕೊಟ್ಟರು. ನಾಲ್ಕೇ ಕೊಡುತ್ತಾರೆಂದು ಗೊತ್ತಿದ್ದುದರಿಂದಲೇ ಎಂಟು ಕೇಳಿದ್ದು. ಇದೇ ಗಣಿಯ ಗೇಟಿನ ಹೊರಗೆ ಒಂಬತ್ತು ವರ್ಷ ಮಗ್ವಿನ್ಯಾ ಎಂಬ ಹಿಟ್ಟಿನ ಉಂಡೆ ಕರಿದು ಮಾರಿದವಳಿಗೆ ಇಷ್ಟೂ ಬರದಿದ್ದರೆ ಹೇಗೆ?

ಬಿಲ್ಲೆ ಎಂದರೆ ರೊಟ್ಟಿಯಗಲದ ಉಕ್ಕಿನ ಬಳೆ. ಚಾವಣಿಗೆ ಬಡಿದ ಬೋಲ್ಟಿನ ನಟ್ಟಿಗೂ ಅದರ ತಟ್ಟೆಗೂ ನಡುವೆ ಕೂರುತ್ತದೆ. ಮೇಲಿನ ಕಲ್ಲು ಬೋಲ್ಟನ್ನು ಎಷ್ಟು ಜಗ್ಗುತ್ತದೋ ಅಷ್ಟು ಟನ್ನನ್ನು ಅದರ ಪಕ್ಕದ ಮುಳ್ಳು ತೋರಿಸುತ್ತದೆ. ಇಷ್ಟು ವರ್ಷ ಬೋಲ್ಟು ಬಡಿದೆ. ಬಡಿದ ಮೇಲೆ ಅದು ಅಲ್ಲಿ ಏನು ಮಾಡುತ್ತಿರುತ್ತದೆ ಎಂದು ಇಣುಕಿ ನೋಡುವ ಭಾಗ್ಯ ಈಗ ಬಂದಿದೆ.

ಜಾಗ ನಾಲ್ಕನೇ ಸೆಕ್ಷನ್ನಿನ ಕವಲು, ನಾಲ್ಕು ದಾರಿ ಕೂಡುವ ಕಡೆ. ಸೆಕ್ಷನ್ನಿನ ಹದಿನೇಳು ಜನವೂ ಪಾಳಿಗೆ ಎರಡು ಸಲ ಅದರಡಿ ನಡೆಯಲೇಬೇಕು, ಬೇರೆ ದಾರಿ ಇಲ್ಲ. ಹೋದ ತಿಂಗಳಿಂದ ಅಲ್ಲಿ ಕಲ್ಲಿನ ಪುಡಿ ಉದುರುತ್ತಿದೆ. ಮೇಲ್ವಿಚಾರಕ ಪ್ರಿನ್ಸ್‌ಲೂ ನನ್ನನ್ನು ಕರೆದು ಹೇಳಿದ್ದು ಇಷ್ಟು: "ಅಳೆದು ಹೇಳು, ಸ್ಕೊಸಾನಾ. ನಿಲ್ಲಿಸ್ಬೇಕು ಅಂದ್ರೆ ನಂಬರ್ ತಗೊಂಡ್ ಬಾ. ಯಾಕೋ ಹೊಟ್ಟೆಯಲ್ಲಿ ತಳಮಳ ಅಂತ ಬಂದ್ರೆ ಡಾಕ್ಟರ್ ಹತ್ರ ಕಳಿಸ್ತೀನಿ."

ಬೋಲ್ಟುಗಳಿಗೆ ಸಂಖ್ಯೆ ಹಾಕಿದೆ. ಎಡಗಡೆಯವು ಬೆಸ, ಬಲಗಡೆಯವು ಸರಿ. ಬಿಲ್ಲೆ ತೊಡಿಸಿದ್ದು ಒಂದು, ಮೂರು, ಐದು, ಏಳಕ್ಕೆ. ಬಲಗಡೆ ಕಲ್ಲಿದ್ದಲಿನ ಬೆಲ್ಟು ಓಡುತ್ತದೆ. ಅಲ್ಲಿ ಏಣಿ ಇಡಬೇಕಾದರೆ ಬೆಲ್ಟು ನಿಲ್ಲಬೇಕು, ಬೆಲ್ಟು ನಿಂತರೆ ಪ್ರಿನ್ಸ್‌ಲೂನ ಬಾಯಿ ಓಡುತ್ತದೆ. ಎಡಗಡೆಯೇ ವಾಸಿ.

ನಾಲ್ಕನ್ನೂ ಮೂರು ಟನ್ನಿಗೆ ಬಿಗಿದು ಬಂದೆ. 31ಕ್ಕೆ ಈ ಹೊಸ ಹುದ್ದೆಯಲ್ಲಿ ನನ್ನ ಪರೀಕ್ಷೆಯ ಅವಧಿ ಮುಗಿದು ಕೆಲಸ ಕಾಯಂ ಆಗುತ್ತದೆ. ಆಮೇಲೆ ಬಾಗಿಲ ಮೇಲೆ ಬುಸಾಫಿ ಸ್ಕೊಸಾನಾ, ಚಾವಣಿ ವೀಕ್ಷಕಿ. ಕುರ್ಚಿ ಎಲ್ಲಿಡಬೇಕೆಂದು ನೋಡಿಟ್ಟಿದ್ದೇನೆ.

ಜುಲೈ 9, ಮಂಗಳವಾರ

3.1, 3.0, 3.1, 3.3. ಸೊಗಸಾದ ಸಂಖ್ಯೆಗಳು. ಸಾಲಾಗಿ ನಿಂತ ಶಾಲಾಮಕ್ಕಳ ಹಾಗೆ.

ಜುಲೈ 11, ಗುರುವಾರ

ಮೂರು ಮಕ್ಕಳು ಸಾಲಿನಲ್ಲೇ ಇದ್ದಾರೆ. ಏಳನೆಯವನು ಮಾತ್ರ 4.6.

ಎಡಗಡೆಯ ಬೋಲ್ಟುಗಳೆಲ್ಲ ಮಾಸಿಲೆಲಾ ಬಾಬಾ ಬಡಿದವು. ಬೋಲ್ಟಿನ ಯಂತ್ರಕ್ಕೆ ಎರಡು ತೋಳು, ಇಬ್ಬರು ಆಪರೇಟರು. ಎಡತೋಳು ಬಾಬಾನದು, ಹತ್ತೊಂಬತ್ತು ವರ್ಷದಿಂದ. ನನಗೆ ಕೆಲಸ ಕಲಿಸಿದವನೂ ಅವನೇ. ಊಟದ ಹೊತ್ತಿಗೆ ಹೋಗಿ ಕೇಳಿದೆ.

"ಬಾಬಾ, ನಿನ್ನ ಏಳನೇ ಬೋಲ್ಟು ಒಂದೇ ಸಮ ಮೇಲೇರ್ತಿದೆ. ಏನು ಮಾಡ್ದೆ ಅದಕ್ಕೆ?"

"ನಾನೇನ್ ಮಾಡ್ಲಿ ಮಗಳೇ? ನೀನು ಗಡಿಯಾರ ಕಟ್ಟಿದ್ಯಲ್ಲ, ಅದಕ್ಕೂ ಜಂಬ ಬಂದಿರ್ಬೇಕು. ಮೇಲಿನ ಆಫೀಸು ಸಿಕ್ಕವರಿಗೆಲ್ಲ ಬರತ್ತೆ."

ಸುತ್ತಲಿದ್ದವರು ನಕ್ಕರು. ಪಕ್ಕದಲ್ಲಿ ಬಲತೋಳಿನವನು ತಲೆ ತಗ್ಗಿಸಿ ಮೀನಿನ ಡಬ್ಬಿ ಬಿಚ್ಚುತ್ತಿದ್ದ. ಮೇ ತಿಂಗಳಲ್ಲಿ ನಾನು ತರಬೇತಿ ಕೊಟ್ಟ ಹನ್ನೊಂದು ಜನರಲ್ಲಿ ಒಬ್ಬ. ಹೆಸರು ಪುಸ್ತಕದಲ್ಲಿದೆ.

ಜುಲೈ 15, ಸೋಮವಾರ

3.5, 3.6, 4.0. ಏಳನೆಯದು 6.2.

ಬಿಲ್ಲೆಯೇ ಕೆಟ್ಟಿದೆಯೆಂದು ಗುಮಾನಿ. ಗೇಟಿನ ಬಳಿ ಒಬ್ಬ ಹಿಟ್ಟಿನ ವ್ಯಾಪಾರಿಯ ತಕ್ಕಡಿ ಸದಾ ಅವನ ಪರವಾಗಿಯೇ ವಾಲುತ್ತಿತ್ತು. ಅಂದಿನಿಂದ ತಕ್ಕಡಿಯನ್ನು ಎರಡನೇ ತಕ್ಕಡಿಯಲ್ಲಿ ನೋಡದೆ ನಂಬುವುದಿಲ್ಲ. ನಾಳೆ ಒಂದರ ಬಿಲ್ಲೆಯನ್ನು ಏಳಕ್ಕೂ ಏಳರದನ್ನು ಒಂದಕ್ಕೂ ಬದಲಾಯಿಸುತ್ತೇನೆ.

ಜುಲೈ 17, ಬುಧವಾರ

ನಿನ್ನೆ ಬದಲಾಯಿಸಿ ಎರಡನ್ನೂ ಮೂರಕ್ಕೇ ಬಿಗಿದಿದ್ದೆ. ಒಂದನೇ ಬೋಲ್ಟು 3.1ರಲ್ಲಿ ಹಾಯಾಗಿದೆ. ಏಳು ಒಂದೇ ದಿನದಲ್ಲಿ 7.5. ಅಂದರೆ ಬಿಲ್ಲೆ ಸಾಚಾ. ಬೋಲ್ಟೇ ನಿಜವಾಗಿ ಹೊರುತ್ತಿದೆ.

ಈ ಬೋಲ್ಟುಗಳು ಹದಿನಾರು ಟನ್ನಿಗೆ ಹಿಗ್ಗತೊಡಗುತ್ತವೆ. ಪ್ರಿನ್ಸ್‌ಲೂ ಕಾಗದ ನೋಡಿ ಗಲ್ಲ ಕೆರೆದುಕೊಂಡ. "ಏಳರ ಕೆಳಗೆ ಎರಡು ಮರದ ಕಂಬ ನಿಲ್ಸು. ಕೆಲ್ಸ ನಡೀಲಿ."

"ಕಂಬ ನಿಲ್ಲಿಸ್ತೀನಿ ಮೆನೀರ್. ಆದ್ರೆ ಯಾಕೆ ಏರ್ತಿದೆ ಅಂತ..."

"ಯಾಕೆ ಅನ್ನೋದಕ್ಕೆ ಟನ್ ಎಷ್ಟು ಬರತ್ತೆ? ಕಂಬ ನಿಲ್ಸು."

ಕಂಬ ನಿಂತವು. ಯಾಕೆ ಎನ್ನುವುದೂ ನನ್ನ ತಲೆಯಲ್ಲಿ ನಿಂತಿದೆ. ಅದೂ ಮರದ್ದೇ ಇರಬೇಕು, ಕದಲುತ್ತಿಲ್ಲ.

ಜುಲೈ 18, ಗುರುವಾರ

ಬಟ್ಟೆ ಒಗೆಯುತ್ತಿದ್ದಾಗ ಹೊಳೆಯಿತು. ನಡುಚಳಿಗಾಲದ ನೀರು ಕೈ ಕೊರೆಯುತ್ತಿತ್ತು, ಅಂಗಳದ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಗಟ್ಟಿಯಾಗಿತ್ತು.

ಅಕ್ಕನ ಹೊಸ ಮನೆಗೆ ಬೀರು ಸಾಗಿಸಿದಾಗ ನಾವು ಆರು ಜನ ಹೊತ್ತಿದ್ದೆವು. ಮುಂದಿನ ಮೂಲೆಯಲ್ಲಿದ್ದ ಭಾವ ಬೆವರಿ ಬೆವರಿ ಕೆಂಪಾದ. ಅವನಿಗೇನೋ ಕಾಯಿಲೆ ಎಂದು ಎಲ್ಲರೂ ಗಾಬರಿ. ನೋಡಿದರೆ ಅವನ ಪಕ್ಕದವನು ಬೀರಿಗೆ ಬರೀ ಅಂಗೈ ತಾಗಿಸಿಕೊಂಡು ಹಾಡು ಹೇಳುತ್ತ ನಡೆಯುತ್ತಿದ್ದ.

ಒಂದು ವಾರದಿಂದ ನಾನು ಏಳಕ್ಕೆ ಏನಾಗಿದೆ ಎಂದು ಕೇಳುತ್ತಿದ್ದೇನೆ. ಏಳಕ್ಕೆ ಏನೂ ಆಗಿಲ್ಲ. ಆರು ಮತ್ತು ಎಂಟು ಏನು ಮಾಡುತ್ತಿವೆ?

ಎರಡೂ ಬೆಲ್ಟಿನ ಮೇಲಿವೆ. ಅವುಗಳ ಹತ್ತಿರ ನಾನು ಏಣಿಯನ್ನೇ ಒಯ್ದಿಲ್ಲ.

ಜುಲೈ 19, ಶುಕ್ರವಾರ

ಪಾಳಿ ಬದಲಾಗುವ ಹೊತ್ತಿಗೆ ಇಪ್ಪತ್ತು ನಿಮಿಷ ಬೆಲ್ಟು ನಿಲ್ಲಿಸಿದೆ. ಬೆಲ್ಟಿನ ರೋಲರು ನೋಡಬೇಕೆಂದು ಸುಳ್ಳು ಹೇಳಿದೆ. ಸುಳ್ಳು ಇಲ್ಲೇ ಬರೆದಿಟ್ಟಿದ್ದೇನೆ, ಲೆಕ್ಕಕ್ಕೆ ಇರಲಿ.

ಮೊದಲು ಸರಳಿನಿಂದ ತಟ್ಟಿದೆ. ಏಳನೆಯದು ಗಂಟೆ ಬಾರಿಸಿದ ಹಾಗೆ ಟಣ್ ಎಂದಿತು. ಎಂಟು ದಬ್ ಎಂದಿತು, ಒದ್ದೆ ಗೋಣಿ ಹೊಡೆದಂತೆ. ಆರೂ ದಬ್. ಹತ್ತೂ ದಬ್. ಎಂಟರ ತಟ್ಟೆಯನ್ನು ಬೆರಳಿನಿಂದಲೇ ತಿರುಗಿಸಿದೆ.

ಆಮೇಲೆ ಕೈಪಂಪಿನ ಜಾಕು ಸಿಕ್ಕಿಸಿ ಎಂಟನ್ನು ಕೆಳಕ್ಕೆ ಎಳೆದೆ. ಒಳ್ಳೆಯ ಬೋಲ್ಟು ಹತ್ತು ಟನ್ನಿಗೆ ಮಿಸುಕಬಾರದು. ಇದು ಒಂದೂಮುಕ್ಕಾಲು ಟನ್ನಿಗೇ, ಹದವಾದ ಹೊಲದಿಂದ ಮೂಲಂಗಿ ಬಂದ ಹಾಗೆ, ನಯವಾಗಿ ಜಾರಿ ಬಂತು. ಬೋಲ್ಟನ್ನು ತೂತಿನಲ್ಲಿ ಕಚ್ಚಿಸಬೇಕಾದ, ಅದರ ಮೈಗೆ ಮೆತ್ತಿದ್ದ ಅಂಟು ಕಲ್ಲಿನ ಗುರುತನ್ನೇ ಹಿಡಿದಿರಲಿಲ್ಲ. ಅರ್ಧ ಗಟ್ಟಿಯಾಗುವಾಗಲೇ ಯಾರೋ ತಿರುವಿ ಹಿಟ್ಟು ಮಾಡಿದ್ದಾರೆ.

ಏಣಿಯ ಮೇಲೆ ನಿಂತು ಮೊದಲು ಖುಷಿಪಟ್ಟೆ. ಸಿಕ್ಕಿತಲ್ಲ ಎಂದು! ಕೆಳಗಿಳಿದ ಮೇಲೆ ಆಚೆಯಿಂದ ದೀಪಗಳ ಸಾಲು ಬಂತು, ಹೊಸ ಪಾಳಿಯವರು. ಎಣಿಸಿದೆ, ಹದಿನೇಳು. ಗೋಡೆಗೆ ಒತ್ತಿಕೊಂಡು, ಎಡಗಡೆಯೇ ನಡೀರಿ ಎಂದು ಗದರಿಸಿ ದಾಟಿಸಿದೆ.

ಪ್ರಿನ್ಸ್‌ಲೂಗೆ ಹೇಳಿದೆ. ಎಂಟರ ಹತ್ತಿರವೂ ಕಂಬ ಕೊಟ್ಟ. "ಒಂದು ಬೋಲ್ಟು ಕೆಟ್ಟಿದ್ರೆ ಒಂದು ಬೋಲ್ಟು, ಸ್ಕೊಸಾನಾ. ಸೋಮವಾರ ಕಾರಣ ಹೇಳು, ಆಮೇಲೆ ನೋಡೋಣ." ಒಂದೇ ಅಲ್ಲವೆಂದೆ. "ಎಳೆದಿದ್ದು ಎಷ್ಟು?" ಒಂದು.

ಜುಲೈ 22, ಸೋಮವಾರ

ದೊಡ್ಡ ದಿನ. ಎಲ್ಲ ಬರೆದು ಮುಗಿಸುತ್ತೇನೆ.

ಬೆಳಿಗ್ಗೆ ಬೋಲ್ಟಿನ ರಿಜಿಸ್ಟರು ತೆಗೆದೆ. ಮೇ 27ರಿಂದ ಬಲತೋಳು ಬೊಂಗುಮುಸಾ ಝ್ವಾನೆಯದು. ಅಲ್ಲಿಂದ ಇಲ್ಲಿಗೆ ಅವನು ಬಡಿದವು ನಾನೂರ ಹನ್ನೆರಡು. ಕೆಳಗಿಳಿದು, ಅವರು ಬೋಲ್ಟು ಬಡಿಯುವಲ್ಲಿ, ಹತ್ತು ಹೆಜ್ಜೆ ಹಿಂದೆ ಕೂತೆ.

ಕೆಲಸ ನನಗೆ ನಿದ್ದೆಯಲ್ಲೂ ಗೊತ್ತು. ತೂತು ಕೊರೆ, ಅಂಟಿನ ಕಡ್ಡಿ ತುರುಕು, ಬೋಲ್ಟು ತೂರಿಸಿ ತಿರುವಿ ಅಂಟು ಕಲಸು. ಆಮೇಲೆ ಅಲ್ಲಾಡಿಸದೆ ಹಿಡಿ. ಅಂಟು ಹಿಡಿದ ಮೇಲೆ ನಟ್ಟು ಬಿಗಿ. ಹಿಡಿಯಬೇಕಾದ್ದು ಇಪ್ಪತ್ತು ಸೆಕೆಂಡು. ಬ್ಯಾಟರಿಯ ಗಡಿಯಾರ ನೆಲದಡಿ ತರುವಂತಿಲ್ಲ, ಕಿಡಿಯ ಭಯ. ಯಂತ್ರದಲ್ಲಿ ಸಮಯ ತೋರಿಸುವ ದೀಪ ನಾನಿದ್ದಾಗಲೇ ಕೆಟ್ಟಿತ್ತು. ಅದಕ್ಕೆ ಬಾಬಾ ಒಂದು ಉಪಾಯ ಕಲಿಸಿದ್ದ. ತಿರುವುವುದು ನಿಂತ ಕೂಡಲೇ ನಿನ್ನ ಕುಲದ ಬಿರುದುಗಳನ್ನು ಒಂದು ಸಲ ಪೂರ್ತಿ ಹೇಳು, ಅಜ್ಜಂದಿರ ಹೆಸರು ಯಾರೂ ಅವಸರದಲ್ಲಿ ಹೇಳುವುದಿಲ್ಲ. ಮುಗಿದ ಮೇಲೆ ನಟ್ಟು. ಹನ್ನೊಂದು ವರ್ಷ ನಾನು ಸ್ಕೊಸಾನಾಗಳನ್ನು ಹೊಗಳುತ್ತ ಬೋಲ್ಟು ಬಡಿದಿದ್ದೇನೆ, ಒಂದೂ ಜಾರಿಲ್ಲ.

ಬೆರಳನ್ನು ಮಣಿಕಟ್ಟಿಗೆ ಒತ್ತಿ ಕೂತೆ. ನನ್ನ ನಾಡಿ ನಿಮಿಷಕ್ಕೆ ಎಪ್ಪತ್ತೆರಡು, ಕ್ಲಿನಿಕ್ಕಿನ ನರ್ಸು ಹೇಳಿದ್ದು. ಯಂತ್ರದ ಸದ್ದಿನಲ್ಲಿ ಮಾತು ಕೇಳಿಸದು, ತುಟಿ ಕಾಣುತ್ತದೆ. ಬಾಬಾನ ತುಟಿ ನಲವತ್ತು ಬಡಿತ ಆಡಿತು. ಬೊಂಗುಮುಸಾನ ತುಟಿ ಏಳು ಬಡಿತ. ನಟ್ಟು. ಇನ್ನೊಂದು ಬೋಲ್ಟು, ಏಳು ಬಡಿತ. ಆರು ಬೋಲ್ಟು ನೋಡಿದೆ. ಒಂದೂ ಎಂಟು ದಾಟಲಿಲ್ಲ.

ಊಟದ ಹೊತ್ತಿಗೆ ಬೇರೆಯಾಗಿ ಕರೆದೆ. ದೊಡ್ಡ ದನಿಯಲ್ಲೇ ಶುರುಮಾಡಿದೆ, ಅದು ನನ್ನ ಮಾಮೂಲು.

"ಏನಪ್ಪಾ, ಅಜ್ಜಂದಿರು ಬಸ್ಸಿಗೆ ಹೊರಟಿದ್ರಾ? ಅಷ್ಟು ಅವಸರದಲ್ಲಿ ಮುಗಿಸ್ತೀಯಲ್ಲ?"

"ಅವಸರ ಮಾಡ್ತಿಲ್ಲ, ಸಿಸಿ." ಕಿರಿಯರಿಗೆಲ್ಲ ನಾನು ಸಿಸಿ, ಅಕ್ಕ.

"ಏಳು ಬಡಿತದಲ್ಲಿ ಯಾವ ಕುಲ ಮುಗಿಯತ್ತೆ? ಪೂರ್ತಿ ಹೇಳು ಅಂದಿರ್ಲಿಲ್ವಾ ನಾನು?"

"ಪೂರ್ತಿನೇ ಹೇಳ್ತಿದೀನಿ." ಅವನು ಹೆಲ್ಮೆಟ್ಟಿನ ದೀಪ ಆರಿಸಿದ. "ನಂಗೆ ಬರೋದೇ ಎರಡು ಹೆಸರು, ಸಿಸಿ. ಅಪ್ಪ ಹೋದಾಗ ನಂಗೆ ಮೂರು ವರ್ಷ. ಅಮ್ಮ ಬೇರೆ ಕುಲದೋಳು. ಅವಳಿಗೆ ನೆನಪಿದ್ದಿದ್ದು ಎರಡೇ. ಶಾಲೆಯಲ್ಲಿ ಎಲ್ರೂ ನಿಂತು ಹೇಳೋವಾಗ ನಾನು ಎರಡು ಹೇಳಿ ಕೂತ್ಕೋತಿದ್ದೆ."

"ತರಬೇತಿಯಲ್ಲಿ ಯಾಕೆ ಹೇಳ್ಲಿಲ್ಲ?"

"ಹತ್ತು ಜನದ ಮುಂದೆ ಹೇಳ್ಬೇಕಿತ್ತಾ?" ಆಮೇಲೆ ಕೇಳಿದ, "ಎಷ್ಟು ಹೊತ್ತು ಹಿಡೀಬೇಕು ಅದು? ಸೆಕೆಂಡಲ್ಲಿ?"

ಮೇ ತಿಂಗಳಲ್ಲಿ ನಾನು ಸೆಕೆಂಡು ಹೇಳಿರಲೇ ಇಲ್ಲ. ಬಿರುದಿನ ಉಪಾಯ ಹೇಳಿ, ಎಲ್ಲರನ್ನೂ ನಗಿಸಿ, ಚಹಾ ಕುಡಿಯಲು ಬಿಟ್ಟಿದ್ದೆ.

"ಇಪ್ಪತ್ತು," ಎಂದೆ.

ಅವನು ಬೆರಳು ಮಡಿಚಿ ಒಳಗೊಳಗೇ ಎಣಿಸಿದ. ಇಪ್ಪತ್ತು ಎಷ್ಟು ಉದ್ದ ಎನ್ನುವುದು ಅವನ ಮುಖದ ಮೇಲೆ ನಿಧಾನವಾಗಿ ಕಾಣಿಸಿತು. ಆಮೇಲೆ ಕವಲಿನ ಕಡೆ ತಿರುಗಿದ.

"ಅಲ್ಲಿರೋದೆಲ್ಲಾ ನಂದೇನಾ?"

ಸರಿ ಸಂಖ್ಯೆಯವು ಎಂದೆ.

ಜುಲೈ 23, ಮಂಗಳವಾರ

ಬಲಗಡೆಯ ಆರು ಬೋಲ್ಟುಗಳನ್ನು ಎಳೆದೆ, ಈ ಸಲ ಸುಳ್ಳು ಹೇಳದೆ, ಬೆಲ್ಟು ನಿಲ್ಲಿಸಿಯೇ. ಐದು ಜಾರಿದವು. ಏಳನೆಯದು 9.8.

ಉಳಿದ ಹತ್ತು ಜನರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋಗಿ ಕುಲದ ಬಿರುದು ಹೇಳಿಸಿದೆ. ದೀಪದ ಕೋಣೆಯ ಹತ್ತಿರ ಮದುವೆ ಮಾತುಕತೆ ನಡೆದಂತಿತ್ತು. "ಸ್ಕೊಸಾನಾ, ಮಗಳಿಗೆ ಗಂಡು ಹುಡುಕ್ತಿದೀಯಾ?" ಎಂದು ಒಬ್ಬ ರೇಗಿಸಿದ. ಎಲ್ಲಕ್ಕಿಂತ ಚಿಕ್ಕದು ಇಪ್ಪತ್ತೊಂದು ಸೆಕೆಂಡು. ಆ ಹತ್ತು ಜನರ ಬೋಲ್ಟುಗಳು ಉಳಿದವು, ಅದೃಷ್ಟದಿಂದ. ನಮ್ಮದು ಇಪ್ಪತ್ತಾರು.

ಹಸಿವಾಗಲಿಲ್ಲ.

ಜುಲೈ 24, ಬುಧವಾರ

ಪ್ರಿನ್ಸ್‌ಲೂ ಆರು ಬೋಲ್ಟಿನ ಕಾಗದವನ್ನು ಎರಡು ಸಲ ಓದಿದ. ಫೋನೆತ್ತಿ ನಾಲ್ಕನೇ ಸೆಕ್ಷನ್ ನಿಲ್ಲಿಸಿದ. ಒಂದು ಮಾತೂ ವಾದ ಮಾಡಲಿಲ್ಲ. ಅವನ ಬಗ್ಗೆ ಹಿಂದೆ ಬರೆದದ್ದರಲ್ಲಿ ಸ್ವಲ್ಪ ಕಳೆಯಬೇಕು.

ಆಮೇಲೆ ಫಾರಮ್ಮು ನನ್ನ ಕಡೆ ತಳ್ಳಿದ. ಕೊನೆಯ ಸಾಲು: ಕಾರಣ, ಮತ್ತು ಸಂಬಂಧಪಟ್ಟ ವ್ಯಕ್ತಿ.

"ಝ್ವಾನೆ ಹೆಸರು ಬರಿ. ಹಿಡಿಯೋ ಸಮಯ ಪಾಲಿಸಿಲ್ಲ ಅಂತ."

"ಅವನಿಗೆ ಸಮಯ ಹೇಳಿದವರು ಯಾರೂ ಇಲ್ಲ, ಮೆನೀರ್."

"ತರಬೇತಿ ಕೋಣೆಯ ಬೋರ್ಡಿನ ಮೇಲೆ ಬರ್ದಿದೆ."

"ಮೇ ತಿಂಗಳಲ್ಲಿ ಆ ಬೋರ್ಡಿಗೆ ಬೆನ್ನು ಹಾಕಿ ನಿಂತಿದ್ದು ನಾನೇ. ಅಜ್ಜಂದಿರ ಹೆಸರು ಹೇಳಿ ಅಂದಿದ್ದೂ ನಾನೇ."

ಅವನು ಕನ್ನಡಕ ತೆಗೆದ. "ನೋಡು. ವೀಕ್ಷಕಿಯ ಪರೀಕ್ಷೆ ಮುಗಿಯೋಕೆ ಏಳು ದಿನ ಇದೆ. ಇದ್ರ ಮೇಲೆ ನಿನ್ನ ಹೆಸರು ಬಂದ್ರೆ ಮೇಲಿನವರು ಏನ್ ಮಾಡ್ತಾರೆ ಅಂತ ನಾನು ಹೇಳೋಕಾಗಲ್ಲ. ಅವನಿಗಾದ್ರೆ ಒಂದು ಎಚ್ಚರಿಕೆ ಪತ್ರ, ಮರೆತೂ ಹೋಗತ್ತೆ."

ಅವನು ನನಗೆ ಒಳ್ಳೆಯದನ್ನೇ ಮಾಡುತ್ತಿದ್ದ. ಅದೇ ಕಷ್ಟ. ಹಿಟ್ಟಿನ ವ್ಯಾಪಾರಿಯ ತಕ್ಕಡಿ ನೆನಪಾಯಿತು, ಈ ಸಲ ಅದು ವಾಲಿದ್ದು ನನ್ನ ಕಡೆ.

ಪೆನ್ನು ತೆಗೆದುಕೊಂಡು ಬರೆದೆ. ಕಾರಣ: ತರಬೇತಿಯಲ್ಲಿ ಸಮಯ ಹೇಳದೆ ಇದ್ದದ್ದು, ಯಂತ್ರದ ದೀಪ ಕೆಟ್ಟಿದ್ದದ್ದು, ಅಳತೆ ಒಂದೇ ಕಡೆ ಮಾಡಿದ್ದು. ವ್ಯಕ್ತಿ: ಬುಸಾಫಿ ಸ್ಕೊಸಾನಾ. ಎರಡು ಹೆಸರಿನ ವಿಷಯ ಬರೆಯಲಿಲ್ಲ. ಅದು ಫಾರಮ್ಮಿನಲ್ಲಿ ಕೇಳಿರಲಿಲ್ಲ.

ಜುಲೈ 26, ಶುಕ್ರವಾರ

ಮರುಬೋಲ್ಟು ಶುರು. ಹೊರಗಿನಿಂದ ಒಳಕ್ಕೆ, ಕವಲಿನ ಕಡೆಯಿಂದಲೇ. ಪ್ರಿನ್ಸ್‌ಲೂ ಯಂತ್ರದ ದೀಪ ಸರಿಮಾಡಿಸಿದ್ದಾನೆ. ಇಪ್ಪತ್ತು ಸೆಕೆಂಡಿಗೆ ಹಸಿರಾಗುತ್ತದೆ. ಬಾಬಾ ಅದನ್ನು ನೋಡುವುದೇ ಇಲ್ಲ.

"ನಂದು ಮುಗಿಯೋ ಹೊತ್ತಿಗೆ ಅದಕ್ಕೆ ಹಸಿರಾಗಿ ಬೇಜಾರಾಗಿರತ್ತೆ," ಎಂದ. ಆಮೇಲೆ ನನಗೆ ಮಾತ್ರ ಕೇಳುವಂತೆ, "ಆ ಉಪಾಯ ನಿಂಗೆ ಕಲಿಸಿದ್ದು ನಾನು, ಮಗಳೇ. ಫಾರಮ್ಮಲ್ಲಿ ನನ್ನ ಹೆಸರಿಗೆ ಜಾಗ ಇರ್ಲಿಲ್ವಾ?"

"ಒಂದೇ ಗೆರೆ ಇತ್ತು, ಬಾಬಾ."

"ಸಣ್ಣದಾಗಿ ಬರೀಬೇಕಿತ್ತು."

ಬಲತೋಳಿನಲ್ಲಿ ಬೊಂಗುಮುಸಾನೇ ಇದ್ದಾನೆ. ನಾನು ಕೇಳಿಕೊಂಡದ್ದು. ದೀಪ ಹಸಿರಾದ ಮೇಲೂ ಇನ್ನಷ್ಟು ಹೊತ್ತು ಹಿಡಿದಿರುತ್ತಾನೆ. ಸಾಕು ಬಿಡು ಎಂದರೂ ಬಿಡುವುದಿಲ್ಲ.

ಜುಲೈ 29, ಸೋಮವಾರ

ಭಾನುವಾರ ಯಾರೂ ಇಲ್ಲದಾಗ ಚಾವಣಿ ಬಿದ್ದಿದೆ. ಕವಲಿನಿಂದ ಮೂವತ್ತು ಮೀಟರು ಒಳಗೆ, ನಾವಿನ್ನೂ ತಲುಪದ ಕಡೆ. ಒಂಬತ್ತು ಮೀಟರು ಉದ್ದ. ಬೆಲ್ಟು ಕಾಣುವುದೇ ಇಲ್ಲ.

ಪ್ರಿನ್ಸ್‌ಲೂ, ಬಾಬಾ, ಬೊಂಗುಮುಸಾ, ನಾನು, ನಾಲ್ವರೂ ಹೋಗಿ ಹಗ್ಗದ ಈಚೆ ನಿಂತು ದೀಪ ಹಾಯಿಸಿದೆವು. ಎಡಗಡೆ ಬಾಬಾನ ಬೋಲ್ಟುಗಳು ಮೇಲೆಯೇ ಇವೆ, ಮುರಿದ ಕಲ್ಲಿನ ಅಂಚನ್ನು ಕಚ್ಚಿಕೊಂಡು. ಬಲಗಡೆಯವು ರಾಶಿಯಲ್ಲಿ ನೇರವಾಗಿ ಬಿದ್ದಿದ್ದವು. ಒಂದೂ ಬಾಗಿರಲಿಲ್ಲ. ಭಾರ ಹೊತ್ತಿದ್ದರಲ್ಲವೇ ಬಾಗುವುದು?

ಸೋಮವಾರದ ಹತ್ತೂವರೆ. ಸೆಕ್ಷನ್ ನಡೆಯುತ್ತಿದ್ದು, ಒಂದು ದಿನ ತಡವಾಗಿ ಬಿದ್ದಿದ್ದರೆ, ಈ ಹೊತ್ತಿಗೆ ಬೆಲ್ಟಿನ ಪಕ್ಕ ಯಾರ್ಯಾರು ಇರುತ್ತಿದ್ದರೆಂದು ಎಣಿಸತೊಡಗಿದೆ. ಸಂಖ್ಯೆ ಬರಲಿಲ್ಲ, ಮುಖಗಳೇ ಬಂದವು. ಅಲ್ಲಿಗೇ ಬಿಟ್ಟೆ.

ಬೊಂಗುಮುಸಾ ಕೂತುಬಿಟ್ಟ. ಬಾಬಾ ಅವನ ಪಕ್ಕ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ಪ್ರಿನ್ಸ್‌ಲೂ ತನಗೂ ಒಂದು ಲೋಟ ಕೇಳಿದ. ಹತ್ತು ವರ್ಷದಲ್ಲಿ ಅವನು ನಮ್ಮ ಲೋಟದಲ್ಲಿ ಕುಡಿದದ್ದು ನಾನು ನೋಡಿಲ್ಲ.

ಏಳನೆಯದು 11.4. ಕವಲಿನ ಆಚೆ ಬಿದ್ದರೂ ಕವಲು ನಿಂತಿದೆ.

ಆಗಸ್ಟ್ 1, ಗುರುವಾರ

ಕವಲಿನ ಬಲಗಡೆ ಮುಗಿಯಿತು. ಇನ್ನೂ ನಾಲ್ಕು ಬಿಲ್ಲೆ ಕೇಳಿದ್ದೆ, ನಾಲ್ಕೂ ಕೊಟ್ಟರು. ಎಂಟು ಕೇಳಬೇಕಿತ್ತು ಎಂದು ಆಮೇಲೆ ನೆನಪಾಯಿತು. ಸರಿ ಸಂಖ್ಯೆಗಳಿಗೆ ತೊಡಿಸಿದೆವು. ಈ ಸಲ ಏಣಿ ಹಿಡಿದದ್ದು ಬೊಂಗುಮುಸಾ.

ಪತ್ರ ಬಂತು. ಇನ್ನೂ ಆರು ತಿಂಗಳು ಪರೀಕ್ಷೆ, ಒಂದು ಎಚ್ಚರಿಕೆ. ಏಳನೆಯದು 11.1ಕ್ಕೆ ಇಳಿದಿದೆ! ಬಿಗಿದ ಬೋಲ್ಟು ತಾನಾಗಿ ಇಳಿಯುವುದನ್ನು ನಾನು ನೋಡಿರಲಿಲ್ಲ. ಎಷ್ಟಕ್ಕೆ ನಿಲ್ಲುತ್ತದೋ? ದಿನಕ್ಕೆ ಎರಡು ಸಲ ಓದಬೇಕು.

ಆಗಸ್ಟ್ 8, ಗುರುವಾರ

ಏಳನೆಯದು 9.2. ಆರು 4.4.

ಪಾಳಿ ಮುಗಿಸಿ ಎಲ್ಲರೂ ಹೊರಟಿದ್ದರು. ಎಂಟರ ಕೆಳಗೆ ಏಣಿ ಇಟ್ಟಿದ್ದೆ. ಬೊಂಗುಮುಸಾ ಬಂದು ಕೆಳಗೆ ನಿಂತ.

"ಅದು ನಾನು ಬಡಿದಿದ್ದಾ, ಸಿಸಿ?"

"ನೀನೇ. ಮೇಲೆ ಹತ್ತಿ ನೋಡು. ನನ್ನ ಮೊಣಕಾಲು ಇವತ್ತು ಏಣಿ ಬೇಡ ಅಂತಿದೆ."

ಮೊಣಕಾಲಿಗೆ ಏನೂ ಆಗಿರಲಿಲ್ಲ. ಅವನು ಹತ್ತಿದ. ಮುಳ್ಳಿನ ಮುಖದ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ದೀಪವನ್ನು ಆಚೀಚೆ ವಾಲಿಸಿ ನೋಡಿದ. ಮುಂದೆ ಹೋಗಿದ್ದವರು, "ಏ ಝ್ವಾನೆ, ಅಲ್ಲೇ ಮನೆ ಮಾಡ್ತೀಯಾ? ಬಸ್ಸು ಹೋಗತ್ತೆ!" ಎಂದು ಕೂಗಿದರು. ಅವನು ತಿರುಗಲಿಲ್ಲ.

"ಎಷ್ಟಿದೆ?" ಎಂದೆ.

"ಐದು ಆಗಿದೆ. ಐದರ ಮೇಲೆ ಒಂದು ಗೆರೆ." ಇನ್ನೊಮ್ಮೆ ನೋಡಿದ. "ಐದು ಟನ್ನಾ, ಸಿಸಿ? ಅಷ್ಟನ್ನ ಇದು ಹೊತ್ಕೊಂಡಿದ್ಯಾ?"

"ಹೊತ್ಕೊಂಡಿದೆ."

ಅವನು ತಟ್ಟೆಯ ಮೇಲೆ ಅಂಗೈ ಇಟ್ಟು ನೋಡಿದ. ನಾನು ಪುಸ್ತಕ ತೆರೆದು ಎಂಟರ ಎದುರಿಗೆ 5.1 ಎಂದು ಬರೆದೆ. ಓದಿದವರು ಎಂಬ ಕಡೆ ಸಹಿ ಹಾಕಲು ಪೆನ್ನು ಅವನಿಗೆ ಕೊಟ್ಟೆ.